ಹಾಲಿನ ಕ್ಯಾನ್ ಹಿಡಿಸಿ ನೋಡಿ

"ಇದು ಸಮಾಜಕಾರ್ಯವೋ ಪಶುಸಂಗೋಪನೆಯೋ?" ಮಾನಸಿಕ ಕಾಯಿಲೆ ಇರುವವರ ಕೈಲಿ ಡೈರಿಗೆ ಹಾಲು ಹಾಕಿಸುತ್ತೇನೆ ಅಂದದ್ದಕ್ಕೆ ಜಿಲ್ಲೆಯ ಸಭೆಯೊಂದರಲ್ಲಿ ನಮ್ಮದೇ ಕ್ಷೇತ್ರದ ಹಿರಿಯರೊಬ್ಬರು ನನ್ನನ್ನು ಹೀಗೆ ಕೇಳಿದ್ದರು. ಎಲ್ಲರೂ ನಕ್ಕರು. ಮೂರ್ನಾಲ್ಕು ವರ್ಷದ ಹಿಂದಿನ ಮಾತು. ಈಗ ಅವರ ತಾಲ್ಲೂಕಿನಿಂದಲೇ ಫೋನ್ ಬರುತ್ತದೆ, ಸಾರ್ ಆ ಡೈರಿ ವಿಷಯ ಸ್ವಲ್ಪ ಹೇಳಿ ಅಂತ. ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳಿ ಸಾಕಾಗಿದೆ. ಅದಕ್ಕೇ ಬರೆದುಬಿಡುತ್ತಿದ್ದೇನೆ.

ನಾನು ಕೆಲಸ ಮಾಡುವುದು ತುಮಕೂರು ಕಡೆಯ ಒಂದು ತಾಲ್ಲೂಕಿನಲ್ಲಿ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಸಣ್ಣದೊಂದು ಸಂಸ್ಥೆಗೆ ಸೇರಿದವನು, ಹದಿನೈದು ವರ್ಷದ ಮೇಲಾಯಿತು, ಅಲ್ಲೇ ಇದ್ದೇನೆ. ಸ್ಕಿಜೋಫ್ರೀನಿಯಾ (ಇಲ್ಲದ ದನಿ ಕೇಳುವ, ಭ್ರಮೆ ಕಾಡುವ ಕಾಯಿಲೆ), ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಏರಿ ಉನ್ಮಾದಕ್ಕೆ ಹೋಗುವ, ಒಮ್ಮೆ ಕುಸಿಯುವ ಕಾಯಿಲೆ), ಬಹಳ ವರ್ಷದ ಖಿನ್ನತೆ ಇರುವವರು, ಅವರ ಮನೆಯವರು, ಇವರೇ ನನ್ನ ಜನ. ಮನೋಚೈತನ್ಯದ ಮಂಗಳವಾರ ಅಂದರೆ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ, ಯುಡಿಐಡಿ ಅಂದರೆ ಅಂಗವಿಕಲರ ಗುರುತಿನ ಕಾರ್ಡ್, ಐಡಿಯಾಸ್ ಅಂದರೆ ಮಾನಸಿಕ ಕಾಯಿಲೆಯಿಂದ ಎಷ್ಟು ಅಂಗವೈಕಲ್ಯ ಆಗಿದೆ ಅಂತ ಅಳೆಯುವ ಸ್ಕೇಲ್, ನಮ್ಮ ಕ್ಷೇತ್ರದವರಿಗೆ ಇದನ್ನು ಹೇಳಬೇಕಾಗಿಲ್ಲ.

ವಿಷಯ ಇಷ್ಟೇ. ಮಾತ್ರೆಯಿಂದ ಕಿವಿಯಲ್ಲಿ ಕೇಳುವ ಸದ್ದು ತಗ್ಗಿದೆ, ರಾತ್ರಿ ನಿದ್ದೆ ಬರುತ್ತಿದೆ, ಆದರೆ ಆಸಾಮಿ ಮನೆಯ ಮೂಲೆ ಬಿಟ್ಟು ಏಳುತ್ತಿಲ್ಲ. ಇಂಥವರು ನಿಮ್ಮ ಲಿಸ್ಟಿನಲ್ಲೂ ಅರ್ಧಕ್ಕರ್ಧ ಇರುತ್ತಾರೆ. ಅಂಥವರ ಕೈಗೆ ನಾನು ಹಾಲಿನ ಕ್ಯಾನ್ ಕೊಡಿಸುತ್ತೇನೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮನೆ ಹಾಲನ್ನು ಡೈರಿಗೆ ಅವರೇ ಹಾಕಿ ಬರಬೇಕು. ಹಸು ಕೊಡಿಸುವುದಿಲ್ಲ, ಸಾಲ ಕೊಡಿಸುವುದಿಲ್ಲ, ತರಬೇತಿ ಇಲ್ಲ. ಶುರುವಿಗೆ ಕ್ಯಾನ್ ಮಾತ್ರ.

ಇಷ್ಟು ಸಣ್ಣ ವಿಷಯಕ್ಕೆ ಬರುವ ಮೊದಲು ಸುರಿದ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೊದಲು ಫಿನಾಯಿಲ್ ಮಾಡಿಸಿದೆವು. ಯಾರೋ ದಾನಿಗಳು ಒಂದೂವರೆ ಲಕ್ಷದ ಹತ್ತಿರ ಕೊಟ್ಟಿದ್ದರು. ಡ್ರಮ್ಮು, ಬಾಟಲಿ, ಲೇಬಲ್ಲು, ಎಲ್ಲ ಬಂತು. ಹತ್ತು ಹನ್ನೆರಡು ಜನ ವಾರಕ್ಕೆ ಎರಡು ದಿನ ಆಫೀಸಿಗೆ ಬಂದು ಕಲಸುತ್ತಿದ್ದರು. ಕೊಂಡವರು ಯಾರು? ನಾವು, ನಮ್ಮ ನೆಂಟರು, ಇನ್ನೊಂದು ಸಂಸ್ಥೆಯವರು. ಊರಿನ ಅಂಗಡಿಯವನು ಒಂದು ಬಾಟಲಿ ಇಟ್ಟುಕೊಂಡ, ಅದು ವರ್ಷ ಕಳೆದರೂ ಅಲ್ಲೇ ಧೂಳು ತಿನ್ನುತ್ತಿತ್ತು. ಅದರ ಜೊತೆ ಇನ್ನೊಂದು ತೊಂದರೆ. ಬಂದವರೆಲ್ಲ ಕಾಯಿಲೆಯವರೇ, ಕಲಿಸುವವರು ನಾವು, ನೋಡುವವರು ಯಾರೂ ಇಲ್ಲ. ಊರಿನವರ ಕಣ್ಣಿಗೆ ಅದು ಇನ್ನೊಂದು ಆಸ್ಪತ್ರೆ ಅಷ್ಟೇ.

ಆಮೇಲೆ ಹೊಲಿಗೆ ಮಿಷನ್. ಎಂಟೊಂಬತ್ತು ಮಿಷನ್ ಹಂಚಿದೆವು, ಈಗ ಹೋಗಿ ನೋಡಿದರೆ ಅದರ ಮೇಲೆ ಬಟ್ಟೆ ಒಣಗಲು ಹಾಕಿರುತ್ತಾರೆ. ಒಲಾಂಜಪಿನ್ ಮಾತ್ರೆ ತಗೊಂಡು ಮಧ್ಯಾಹ್ನ ಕಣ್ಣು ಎಳೆಯುವವರಿಗೆ, ಕೈ ನಡುಕ ಇರುವವರಿಗೆ ಸೂಜಿಗೆ ದಾರ ಪೋಣಿಸು ಅಂದರೆ ಆಗುತ್ತದಾ? ಮೇಕೆ ಕೊಟ್ಟಿದ್ದು ಅದಕ್ಕಿಂತ ದೊಡ್ಡ ಎಡವಟ್ಟು. ಒಂದು ಗಂಡು ಎರಡು ಹೆಣ್ಣು ಅಂತ ಲೆಕ್ಕ. ಆ ಸಲ ಹಿರೇಬೇನೆ ಬಂದು ಒಂದಷ್ಟು ಸತ್ತವು, ಒಂದಷ್ಟು ಮಗಳ ಮದುವೆಗೆ ಅಂತ ಸಂತೆಗೆ ಹೋದವು, ಒಂದೆರಡು ಊರಹಬ್ಬಕ್ಕೆ. ಮೇಕೆ ಬದುಕಿ ಉಳಿದ ಮನೆಗಳಲ್ಲೂ ಅವನ್ನು ಹಿಡಿದುಕೊಂಡು ಒಬ್ಬನೇ ಗುಡ್ಡಕ್ಕೆ ಹೋಗುವುದು ಕೆಲಸವಾಯಿತು. ಮೊದಲೇ ಒಂಟಿ, ಇನ್ನಷ್ಟು ಒಂಟಿ.

ನರೇಗಾ ಕೂಡ ನೋಡಿದೆವು. ಆಗ ಅದರಲ್ಲಿ ಅಂಗವಿಕಲರಿಗೆ ಬೇರೆ ಜಾಬ್ ಕಾರ್ಡ್ ಇತ್ತು, ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಇತ್ತು, 2024-25ರಲ್ಲಿ ದಿನಕ್ಕೆ 349 ರೂಪಾಯಿ. ಕಾಗದದಲ್ಲಿ ಬಹಳ ಚೆಂದ. ಕೆಲಸ ಸಿಕ್ಕ ಕಡೆ ಒಳ್ಳೆಯದೇ ಆಯಿತು. ಆದರೆ ಅದು ಬಂದರೆ ಹದಿನೈದು ದಿನ, ಆಮೇಲೆ ಎರಡು ತಿಂಗಳು ಏನೂ ಇರುತ್ತಿರಲಿಲ್ಲ. ನಮ್ಮವರಿಗೆ ಬೇಕಾಗಿದ್ದು ದಿನಾ ಅದೇ ಹೊತ್ತಿಗೆ ಬರುವ ಕೆಲಸ, ಅದು ಎಷ್ಟು ಸಣ್ಣದಿದ್ದರೂ ಸರಿ.

ಡೈರಿ ಹೊಳೆದದ್ದು ಒಬ್ಬ ಹುಡುಗನಿಂದ. ಮೂವತ್ತರ ಆಸುಪಾಸು, ಆರೇಳು ವರ್ಷದ ಕಾಯಿಲೆ, ತಿಂಗಳಿಗೊಂದು ಇಂಜೆಕ್ಷನ್ ಮೇಲಿದ್ದ. ಅವನ ಅಪ್ಪನಿಗೆ ಕಾಲು ಮುರಿಯಿತು. ಹಾಲು ಹಾಕುವವರು ಬೇರೆ ಯಾರೂ ಇರಲಿಲ್ಲ, ಅಮ್ಮ ಕಳಿಸಿದರು. ಎರಡು ತಿಂಗಳು ಬಿಟ್ಟು ನಾನು ಹೋದಾಗ ಅವನು ಮನೆಯಲ್ಲಿ ಇರಲಿಲ್ಲ! ಡೈರಿ ಜಗಲಿ ಮೇಲೆ ಇನ್ನಿಬ್ಬರ ಜೊತೆ ಕೂತಿದ್ದ. ಆರು ವರ್ಷದಲ್ಲಿ ನಾವು ಮನೆ ಭೇಟಿ ಮಾಡಿ, ಧೈರ್ಯ ಹೇಳಿ, ಗುಂಪು ಸಭೆಗೆ ಕರೆದು ಮಾಡಲಾಗದ್ದನ್ನು ಮುರಿದ ಕಾಲೊಂದು ಮಾಡಿತ್ತು.

ನೀವೇ ಯೋಚನೆ ಮಾಡಿ, ನಮ್ಮ ಕಡೆ ಹಳ್ಳಿಯಲ್ಲಿ ಡೈರಿಯಂಥ ಜಾಗ ಇನ್ನೊಂದಿಲ್ಲ. ಬೆಳಿಗ್ಗೆ ಆರರಿಂದ ಏಳೂವರೆ, ಸಂಜೆಯೂ ಹೆಚ್ಚುಕಡಿಮೆ ಹಾಗೇ. ತಡವಾದರೆ ಬಾಗಿಲು ಹಾಕುತ್ತಾರೆ. ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ (ನಿಲ್ಲದ ಊರುಗಳೂ ನನಗೆ ಗೊತ್ತು, ಅದು ಬೇರೆ ಜಗಳ). ಜಾಸ್ತಿ ಮಾತಾಡಬೇಕಾಗಿಲ್ಲ, ಬೇಕೆಂದರೆ ಮಾತಿಗೆ ಮಳೆ, ಫೀಡ್ಸ್ ರೇಟು, ಹಸುವಿನ ಕೆಚ್ಚಲು ಬಾವು ಇದ್ದೇ ಇದೆ. ಐದು ನಿಮಿಷದಲ್ಲಿ ಮುಗಿಯುತ್ತದೆ. ಇಷ್ಟ ಇದ್ದರೆ ಅರ್ಧ ಗಂಟೆ ಕೂರಬಹುದು, ಇಲ್ಲದಿದ್ದರೆ ಕ್ಯಾನ್ ತೊಳೆದುಕೊಂಡು ಹೊರಡಬಹುದು. ಯಾರೂ ನಿನಗೆ ಈಗ ಹೇಗಿದೆ ಅಂತ ಕೇಳುವುದಿಲ್ಲ. ಫ್ಯಾಟ್ ಎಷ್ಟು ಬಂತು ಅಂತ ಕೇಳುತ್ತಾರೆ.

ಆ ಫ್ಯಾಟ್ ವಿಷಯವೇ ನಮ್ಮನ್ನು ಉಳಿಸಿದ್ದು. ಎರಡನೇ ಊರಿನಲ್ಲಿ ಶುರು ಮಾಡಿದಾಗ ಗಲಾಟೆ ಆಯಿತು. ಹುಚ್ಚನ ಕೈಲಿ ಹಾಲು ಹಾಕಿಸಿದರೆ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಹೋಗುತ್ತದೆ, ಅವನು ಅದಕ್ಕೆ ಏನಾದರೂ ಹಾಕಿಬಿಟ್ಟರೆ ಅಂತ ಒಬ್ಬರು ತಕರಾರು ತೆಗೆದರು. ನಾನು ಭಾಷಣ ಮಾಡಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಹಕ್ಕು, ಘನತೆ ಯಾವುದನ್ನೂ ಎತ್ತಲಿಲ್ಲ. ಸೆಕ್ರೆಟರಿಗೆ ಒಂದೇ ಮಾತು ಹೇಳಿದೆ, ಎಲ್ಲರ ಹಾಲೂ ಟೆಸ್ಟ್ ಮಾಡ್ತೀರಲ್ವಾ, ಇವನದ್ದೂ ಮಾಡಿ, ಓದುವಾಗ ಸ್ವಲ್ಪ ಜೋರಾಗಿ ಓದಿ. ಹಸುವಿನ ಹಾಲಿಗೆ ಮೂರೂವರೆ ಪರ್ಸೆಂಟ್ ಫ್ಯಾಟ್, ಅಂದರೆ ಕೊಬ್ಬು, ಬಂದರೆ ಸಾಕು. ಇವನದ್ದು ನಾಲ್ಕರ ಮೇಲೆ ಬರುತ್ತಿತ್ತು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಗಟ್ಟಿ ಅಂಶ) ಕೂಡ ಎಂಟೂವರೆ ಬಿಟ್ಟು ಕೆಳಗೆ ಇಳಿಯುತ್ತಿರಲಿಲ್ಲ, ಯಾಕೆಂದರೆ ಆ ಮನೆಯಲ್ಲಿ ನೀರು ಬೆರೆಸುವ ಅಭ್ಯಾಸ ಇರಲಿಲ್ಲ. ಹದಿನೈದು ದಿನ ಆದ ಮೇಲೆ ತಕರಾರು ತೆಗೆದವರೇ, ಏನಪ್ಪಾ ಹಿಂಡಿ ಹಾಕ್ತೀಯ ಹಸುಗೆ ಅಂತ ಅವನನ್ನು ಕೇಳಿದರಂತೆ. ಅವನು ಅದನ್ನು ನನಗೆ ಹೇಳುವಾಗ ಮುಖ ನೋಡಬೇಕಿತ್ತು ನೀವು.

ಡೈರಿ ಸೆಕ್ರೆಟರಿಯನ್ನು ಒಪ್ಪಿಸುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದು ನಾನು ಹೇಳುವುದಿಲ್ಲ. ದುಡ್ಡು ಕೊಡುವುದಲ್ಲ, ಅಷ್ಟು ಮಾತ್ರ ಹೇಳುತ್ತೇನೆ. ಒಂದು ಊರಿನಲ್ಲೂ ಒಂದು ರೂಪಾಯಿ ಕೊಟ್ಟಿಲ್ಲ. ಮೊದಲ ಸಲ ಅವರ ಹತ್ತಿರ ಹೋಗುವಾಗ ಕಾಯಿಲೆಯ ವಿಷಯಕ್ಕೆ ಹೋಗಬೇಡಿ, ಅದು ಅರ್ಧ ಗುಟ್ಟು. ಉಳಿದರ್ಧ ನನ್ನ ಹತ್ತಿರವೇ ಇರಲಿ.

ಮಾತ್ರೆಗೂ ಡೈರಿಗೂ ಹೊಂದಿಸುವುದೇ ನಿಜವಾದ ಕಷ್ಟ. ಬೆಳಿಗ್ಗೆ ಐದೂವರೆಗೆ ಎದ್ದೇಳು ಅಂದರೆ ರಾತ್ರಿ ಹತ್ತೂವರೆಗೆ ಮಾತ್ರೆ ನುಂಗಿದವನು ಹೇಗೆ ಏಳುತ್ತಾನೆ? ಮಾತ್ರೆ ವಿಷಯದಲ್ಲಿ ನಾನು ಕೈ ಹಾಕುವುದಿಲ್ಲ, ಯಾರೂ ಹಾಕಬಾರದು. ಮಂಗಳವಾರ ಬರುವ ಡಾಕ್ಟರಿಗೆ ವಿಷಯ ಹೇಳಿದೆ. ಅವರು ಸುಮಾರು ಜನರಿಗೆ ರಾತ್ರಿಯ ಮಾತ್ರೆಯನ್ನು ಏಳೂವರೆ ಎಂಟಕ್ಕೆ ತಂದರು, ಒಂದಿಬ್ಬರಿಗೆ ಡೋಸ್ ಕೂಡ ನೋಡಿ ಇಳಿಸಿದರು. ಮೊದಮೊದಲು ಅವರಿಗೂ ನಂಬಿಕೆ ಇರಲಿಲ್ಲ. ಇವರಿಗೆ ರೆಸ್ಟ್ ಬೇಕು ಕಣ್ರೀ, ಸುಮ್ನೆ ಒತ್ತಡ ಹಾಕಬೇಡಿ ಅಂದಿದ್ದರು. ಈಗ ಅವರೇ ಚೀಟಿಯಲ್ಲಿ ಔಷಧದ ಕೆಳಗೆ "ಡೈರಿ" ಅಂತ ಬರೆದು ಕಳಿಸುತ್ತಾರೆ. ಕೈ ನಡುಗಿ ಹಾಲು ಚೆಲ್ಲುವವರನ್ನೂ ಅವರ ಹತ್ತಿರವೇ ಕಳಿಸಿ, ಅದಕ್ಕೆ ದಾರಿ ಇರುತ್ತದೆ. ನಾವು ಮಾಡಬಹುದಾದದ್ದು ಮುಚ್ಚಳ ಬಿಗಿಯಾಗಿರುವ ಕ್ಯಾನ್ ತರುವುದು.

ಇನ್ನೊಂದು ಲಾಭ ನಾನು ಊಹಿಸಿಯೇ ಇರಲಿಲ್ಲ. ಈಗ ಸುಮಾರು ಡೈರಿಗಳಲ್ಲಿ ಮಿಷನ್ ಇದೆ, ಹಾಲಿನ ತೂಕ, ಫ್ಯಾಟ್, ಹೊತ್ತು ಎಲ್ಲ ಇರುವ ಚೀಟಿ ಬರುತ್ತದೆ. ಆ ಚೀಟಿಗಳನ್ನು ಮನೆಯವರು ಡಬ್ಬಿಯಲ್ಲಿ ಹಾಕಿ ಇಡಲಿ ಅಂತ ಹೇಳಿದ್ದೆ, ಬಟವಾಡೆ ಲೆಕ್ಕಕ್ಕೆ. ಒಂದು ಸಲ ಹೀಗೇ ತೆಗೆದು ನೋಡುತ್ತಿದ್ದೆ. ಒಬ್ಬ ಹೆಂಗಸು, ಬೈಪೋಲಾರ್. ದಿನಾ ಆರೂ ಮುಕ್ಕಾಲಕ್ಕೆ ಹಾಕುತ್ತಿದ್ದವರು ಒಂದು ವಾರದಿಂದ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದಾರೆ. ಆರು ಗಂಟೆ, ಐದು ಐವತ್ತೆಂಟು, ಹೀಗೆ. ಮನೆಯವರು ಏನಿಲ್ಲ ಚೆನ್ನಾಗಿದಾಳೆ, ಚುರುಕಾಗಿದಾಳೆ ಅಂದರು. ನನಗೆ ಗಂಟೆ ಹೊಡೆಯಿತು, ನಿದ್ದೆ ಕಡಿಮೆಯಾಗಿ ಹೀಗೆ ಚುರುಕಾಗುವುದು ಉನ್ಮಾದ ಶುರುವಾಗುವ ಸೂಚನೆ. ಮಂಗಳವಾರ ಕಾಯದೆ ಅಂದೇ ಡಾಕ್ಟರಿಗೆ ಫೋನ್ ಮಾಡಿದೆವು. ಆಸ್ಪತ್ರೆಗೆ ಸೇರಿಸುವ ಮಟ್ಟಕ್ಕೆ ಹೋಗಲಿಲ್ಲ. ಅವರನ್ನು ಹಿಂದೆ ಮೂರು ಸಲ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದು, ಪ್ರತಿ ಸಲ ಮೂವತ್ತು ನಲವತ್ತು ಸಾವಿರ ಕೈಬಿಟ್ಟು ಹೋಗಿತ್ತು. ಅವತ್ತಿನಿಂದ ನಾನು ಮನೆ ಭೇಟಿಗೆ ಹೋದರೆ ಮೊದಲು ಕೇಳುವುದು ಚೀಟಿ ಡಬ್ಬಿ. ಹೊತ್ತು ಹಿಂದೆ ಮುಂದೆ ಆದರೆ ನಿದ್ದೆ ವಿಚಾರಿಸುತ್ತೇನೆ. ಎರಡು ಹೊತ್ತು ಬಿಟ್ಟುಹೋಗಿದ್ದರೆ ಮಾತ್ರೆ ಎಣಿಸುತ್ತೇನೆ. ಚೀಟಿಯಲ್ಲಿ ಇನ್ನೂ ಒಂದು ನೋಡುತ್ತೇನೆ, ಅದು ತೂಕಕ್ಕೆ ಸಂಬಂಧಪಟ್ಟದ್ದು. ಇನ್ನೂ ಪಕ್ಕಾ ಆಗಿಲ್ಲ, ಆದಮೇಲೆ ಬರೆಯುತ್ತೇನೆ. ಯಾವ ರೇಟಿಂಗ್ ಸ್ಕೇಲೂ ದಿನಕ್ಕೆ ಎರಡು ಸಲ ತುಂಬುವುದಿಲ್ಲ, ಅದೂ ಪುಕ್ಕಟೆ!

ಎಷ್ಟು ಜನ ಅಂತ ಕೇಳುತ್ತೀರಿ. ಇಲ್ಲಿಯವರೆಗೆ ಮೂವತ್ತೈದು ನಲವತ್ತು ಮನೆಗಳಲ್ಲಿ ಶುರು ಮಾಡಿದ್ದೇವೆ. ಅದರಲ್ಲಿ ಇಪ್ಪತ್ತೈದರ ಹತ್ತಿರ ಈಗಲೂ ನಡೆಯುತ್ತಿದೆ. ಏಳೆಂಟು ಜನ ಮೊದಲ ತಿಂಗಳಲ್ಲೇ ಬಿಟ್ಟರು. ಕುಡಿತ ಜೊತೆಗಿದ್ದವರಲ್ಲಿ ಹೆಚ್ಚುಕಡಿಮೆ ಯಾರೂ ಉಳಿಯಲಿಲ್ಲ. ಬಟವಾಡೆ ದಿನ ದುಡ್ಡು ಕೈಗೆ ಬಂದರೆ ಮುಗಿಯಿತು, ಎರಡು ದಿನ ಹಾಲೂ ಇಲ್ಲ ಮಾತ್ರೆಯೂ ಇಲ್ಲ. ಅಂಥವರಿಗೆ ಇದು ಬೇಡ, ಮೊದಲು ಕುಡಿತದ ಚಿಕಿತ್ಸೆ ಆಗಲಿ.

ದುಡ್ಡು ಯಾರ ಹೆಸರಿಗೆ ಅನ್ನುವುದು ಇನ್ನೊಂದು ರಾಮಾಯಣ. ಗಂಡಸರ ಮನೆಯಲ್ಲಿ ಅಷ್ಟು ತೊಂದರೆ ಇಲ್ಲ. ಗಂಡ ಬಿಟ್ಟ ಹೆಣ್ಣುಮಕ್ಕಳು, ಕಾಯಿಲೆ ಅಂತ ತವರಿಗೆ ತಂದು ಹಾಕಿದವರು, ಅವರದ್ದು ಬೇರೆ. ಹಾಲು ಹಾಕುವುದು ಅವಳು, ಸದಸ್ಯತ್ವ ಅಣ್ಣನ ಹೆಸರಲ್ಲಿ, ಬಟವಾಡೆ ಅಣ್ಣನ ಖಾತೆಗೆ. ವರ್ಷಗಟ್ಟಲೆ ಕೆಲಸ ಮಾಡಿದರೂ ಅವಳಿಗೆ ಒಂದು ಸೀರೆ. ಅದಕ್ಕೆ ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಕ್ಯಾನಿಗಿಂತ ಮುಂಚೆ ಪಾಸ್‌ಬುಕ್ ಅಂತ ಇಟ್ಟುಕೊಂಡಿದ್ದೇನೆ. ಮಹಿಳಾ ಹಾಲು ಉತ್ಪಾದಕರ ಸಂಘ ಇರುವ ಊರಾದರೆ ಅರ್ಧ ಕೆಲಸ ಹಗುರ, ಅಲ್ಲಿ ಸೆಕ್ರೆಟರಿಯೂ ಹೆಂಗಸೇ. ಷೇರಿನ ದುಡ್ಡು ಅಂತ ಕಟ್ಟಬೇಕಾದದ್ದು ಕೆಲವು ನೂರು ರೂಪಾಯಿ, ಅದನ್ನು ನಾವೇ ಕೊಟ್ಟಿದ್ದೇವೆ. ಲೀಟರಿಗೆ ಇಷ್ಟು ಅಂತ ಸರ್ಕಾರದ ಪ್ರೋತ್ಸಾಹಧನ ಬರುವುದೂ ಖಾತೆಗೆ, ಅದಕ್ಕೆ ಆಧಾರ್ ಜೋಡಣೆ ಸರಿ ಇರಬೇಕು. ಒಬ್ಬಾಕೆ ಅಣ್ಣನ ಹತ್ತಿರ ಜಗಳ ಆಡಿ ಹೆಸರು ಬದಲಾಯಿಸಿಕೊಂಡಳು. ನಾನು ಪಕ್ಕದಲ್ಲಿ ನಿಂತಿದ್ದೆ ಅಷ್ಟೇ. ಆ ಜಗಳ ನೋಡಿದಾಗಲೇ ನನಗೆ ಗೊತ್ತಾಯಿತು ಇವಳು ಹುಷಾರಾದಳು ಅಂತ.

ಖರ್ಚಿನ ಲೆಕ್ಕ ಬೇಕಲ್ವಾ. ಐದು ಲೀಟರಿನ ಸ್ಟೀಲ್ ಕ್ಯಾನ್ ಏಳುನೂರು ಎಂಟುನೂರು, ಷೇರು, ಟಾರ್ಚು, ಮಳೆಗಾಲಕ್ಕೆ ಒಂದು ಕೊಡೆ. ಎಲ್ಲ ಸೇರಿ ಒಬ್ಬರಿಗೆ ಒಂದೂವರೆ ಸಾವಿರ ದಾಟಿಲ್ಲ. ನನ್ನ ಬೈಕಿನ ಪೆಟ್ರೋಲು ಅದಕ್ಕಿಂತ ಜಾಸ್ತಿ. ಫಿನಾಯಿಲಿನ ಆ ಒಂದೂವರೆ ಲಕ್ಷದಲ್ಲಿ ಎಷ್ಟು ಕ್ಯಾನ್ ಬರುತ್ತಿತ್ತು ನೀವೇ ಲೆಕ್ಕ ಹಾಕಿ. ಆದರೆ ದಾನಿಗಳಿಗೆ ಕ್ಯಾನ್ ತೋರಿಸಿದರೆ ಫೋಟೋ ಚೆನ್ನಾಗಿ ಬರುವುದಿಲ್ಲ. ಉದ್ಘಾಟನೆ ಇಲ್ಲ, ಬ್ಯಾನರ್ ಇಲ್ಲ. ಒಂದು ಕಡೆ ಪ್ರಪೋಸಲ್ ಹಾಕಿದ್ದಕ್ಕೆ ಬಜೆಟ್ ತೀರಾ ಕಡಿಮೆ ಇದೆ, ನಮ್ಮ ಕನಿಷ್ಠ ಮೊತ್ತಕ್ಕೆ ಬರಲ್ಲ ಅಂತ ವಾಪಸ್ ಕಳಿಸಿದರು.

ಹಸು ಬೇಡ ಅಂದೆನಲ್ಲ, ಅದಕ್ಕೆ ಕಾರಣ 2022. ಆಗ ನಾಲ್ಕೈದು ಮನೆಯವರು ಸಂಘದಲ್ಲಿ ಸಾಲ ಮಾಡಿ ಅರವತ್ತು ಎಪ್ಪತ್ತು ಸಾವಿರದ ಎಚ್‌ಎಫ್ ತಳಿಯ ಹಸು ತಂದಿದ್ದರು. ಚರ್ಮಗಂಟು ರೋಗ ಬಂತು. ಎರಡು ಹಸು ಹೋದವು. ಸರ್ಕಾರ ಹಸುವಿಗೆ ಇಪ್ಪತ್ತು ಸಾವಿರ ಪರಿಹಾರ ಕೊಟ್ಟಿತು, ಉಳಿದ ಸಾಲ ಮನೆಯ ಮೇಲೆ. ಸಾಲದ ಕಂತಿನ ಚಿಂತೆ ನಮ್ಮವರಿಗೆ ಕಾಯಿಲೆಗಿಂತ ಕೆಟ್ಟದ್ದು. ಅದಾದ ಮೇಲೆ ವರ್ಷ ಪೂರ್ತಿ ತಪ್ಪದೆ ಹಾಲು ಹಾಕಿದವರು ಮಾತ್ರ, ವಿಮೆ ಮಾಡಿಸಿ, ಒಂದೇ ಹಸು ಅಂತ ಮಾಡಿದ್ದೇವೆ. ಮನೆಯಲ್ಲಿ ಹಸುವೇ ಇಲ್ಲದವರಿಗೆ? ಪಕ್ಕದ ಮನೆಯವರ ಹಾಲು. ವಯಸ್ಸಾದವರು, ಮಂಡಿ ನೋವಿನವರು ಪ್ರತಿ ಬೀದಿಯಲ್ಲೂ ಇರುತ್ತಾರೆ. ಮೂರು ಮನೆ ಹಾಲು ತಗೊಂಡು ಹೋಗಿ ಹಾಕಿ, ತಿಂಗಳಿಗೆ ಆರೇಳುನೂರು ಸಂಪಾದಿಸುವ ಒಬ್ಬನಿದ್ದಾನೆ. ಅವನಿಗೆ ಬೀದಿಯಲ್ಲಿ ಮರ್ಯಾದೆ ಹಸು ಇರುವವರಿಗಿಂತ ಜಾಸ್ತಿ, ಯಾಕೆಂದರೆ ಅವನು ಒಂದು ದಿನ ಬರದಿದ್ದರೆ ಮೂರು ಮನೆಯವರು ಹುಡುಕಿಕೊಂಡು ಬರುತ್ತಾರೆ.

ಪಿಂಚಣಿ ವಿಷಯ ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ಐಡಿಯಾಸ್‌ನಲ್ಲಿ ಕೆಲಸ ಅನ್ನುವುದಕ್ಕೂ ಅಂಕ ಇದೆ. ಕೆಲಸಕ್ಕೆ ಹೋಗಲು ಶುರು ಮಾಡಿದರೆ ಆ ಅಂಕ ಇಳಿಯುತ್ತದೆ, ಒಟ್ಟು ಏಳಕ್ಕಿಂತ ಕೆಳಗೆ ಬಂದರೆ 40 ಪರ್ಸೆಂಟ್ ಅಂಗವೈಕಲ್ಯದ ಸರ್ಟಿಫಿಕೇಟ್ ಸಿಗುವುದಿಲ್ಲ. 800 ರೂಪಾಯಿಯಿಂದ ಶುರುವಾಗುವ ಅಂಗವಿಕಲರ ಪಿಂಚಣಿ ಹೋಗುತ್ತದೆ, ಅದರ ಜೊತೆ ಬಸ್ ಪಾಸ್ ಕೂಡ. ಹುಷಾರಾಗುವುದಕ್ಕೆ ದಂಡ ಕಟ್ಟಿದ ಹಾಗೆ. ಇದೇ ಹೆದರಿಕೆಯಿಂದ ಒಂದು ಮನೆಯವರು ಮಗನನ್ನು ಡೈರಿಗೆ ಕಳಿಸಲೇ ಇಲ್ಲ, ಸರ್ಟಿಫಿಕೇಟ್ ರಿನೀವಲ್ ಆಗಲಿ ಆಮೇಲೆ ನೋಡೋಣ ಸಾರ್ ಅಂದರು. ನಾನು ಅವರನ್ನು ಬೈಯಲಿಲ್ಲ. ಹಾಲು ಹಾಕುವುದಕ್ಕೂ ಪೂರ್ತಿ ದುಡಿಮೆಗೂ ವ್ಯತ್ಯಾಸ ಇದೆ ಅಂತ ಸರ್ಟಿಫಿಕೇಟ್ ಕೊಡುವ ಡಾಕ್ಟರಿಗೆ ವಿವರವಾಗಿ ಬರೆದು ಕೊಡುತ್ತೇನೆ. ದಿನಕ್ಕೆ ಒಂದು ಗಂಟೆ, ಮನೆಯವರು ಎಬ್ಬಿಸಿ ಕಳಿಸಿದರೆ ಮಾತ್ರ, ಹೀಗೆ. ಕೆಲವರು ಒಪ್ಪುತ್ತಾರೆ, ಕೆಲವರು ಕೆಲಸ ಅಂದರೆ ಕೆಲಸ ಅನ್ನುತ್ತಾರೆ.

ಬೇರೆ ಬೇರೆ ಕಡೆಯೂ ಕೈ ಹಾಕಿ ನೋಡಿದ್ದೇನೆ. ರೇಷ್ಮೆ ಮಾಡಿಸಿ ನೋಡಿದೆವು, ದುಡ್ಡು ಹಾಲಿಗಿಂತ ಎಷ್ಟೋ ಜಾಸ್ತಿ. ಮೊದಲ ಮೂರು ಜ್ವರದವರೆಗೂ (ಹುಳು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ) ಎಲ್ಲ ಚೆನ್ನಾಗಿತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹಗಲು ರಾತ್ರಿ ಸೊಪ್ಪು ಕೇಳುತ್ತದೆ. ಮನೆಮಂದಿಯೆಲ್ಲ ಎದ್ದಿರುತ್ತಾರೆ. ಬೈಪೋಲಾರ್ ಇರುವವರಿಗೆ ನಿದ್ದೆ ಕೆಟ್ಟರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಒಬ್ಬರು ಗೂಡು ಕಟ್ಟುವ ಹೊತ್ತಿಗೆ ಸರಿಯಾಗಿ ಉನ್ಮಾದಕ್ಕೆ ಏರಿಬಿಟ್ಟರು. ರೇಷ್ಮೆ ಮನೆಯಾದರೆ ಅವರಿಗೆ ಹಗಲು ಸೊಪ್ಪು ತರುವ ಕೆಲಸ ಮಾತ್ರ, ರಾತ್ರಿ ಪಾಳಿ ಬೇಡ ಅಂತ ಈಗ ಖಡಾಖಂಡಿತ ಹೇಳುತ್ತೇನೆ. ಭಜನೆ ಮನೆಯೂ ನೋಡಿದೆ, ಶನಿವಾರ ಮಾತ್ರ, ಆದರೆ ತಾಳ ಹಾಕುವ ಕೆಲಸ ಸಿಕ್ಕ ಒಬ್ಬ ತುಂಬಾ ಖುಷಿಯಾಗಿದ್ದಾನೆ. ಇನ್ನು ಕ್ಷೌರದಂಗಡಿ. ಡೈರಿಗೆ ಹೋಗುವ ಹಿಂದಿನ ದಿನ ಕಟಿಂಗ್ ಶೇವಿಂಗ್ ಮಾಡಿಸುವುದಕ್ಕೆ ನೂರೈವತ್ತು ರೂಪಾಯಿ ನಾನು ಕೊಡುತ್ತೇನೆ. ಇದು ಚಿಕ್ಕದು ಅಂತ ಬಿಡಬೇಡಿ.

ನಮ್ಮ ಕೆಲವರು ಇದನ್ನೆಲ್ಲ ಕೇಳಿ, ಸಮುದಾಯದಲ್ಲೇ ಚಿಕಿತ್ಸೆ ಅಂತ ನಿಮ್ಹಾನ್ಸ್‌ನ ಸಕಲವಾರ, ಬಳ್ಳಾರಿ ಪ್ರಯೋಗಗಳ ಕಾಲದಿಂದ ಮಾಡ್ತಾ ಬಂದಿದ್ದೇವಲ್ಲ, ಇದರಲ್ಲಿ ಹೊಸದೇನಿದೆ ಅನ್ನುತ್ತಾರೆ. ಇರಬಹುದು. ಎಂಬತ್ತರ ದಶಕದ ಬಳ್ಳಾರಿ ಪ್ರಯೋಗ ದೊಡ್ಡ ಕೆಲಸ, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೇ ಅದರಿಂದ ಬಂತು, ಯಾರು ಇಲ್ಲ ಅಂದರು. ಅದು ಮಾತ್ರೆಯನ್ನು ಹಳ್ಳಿಯ ಹತ್ತಿರಕ್ಕೆ ತಂದಿತು. ಮಾತ್ರೆ ನುಂಗಿದ ಮೇಲೆ ಆ ಮನುಷ್ಯ ಬೆಳಿಗ್ಗೆ ಎಲ್ಲಿಗೆ ಹೋಗಬೇಕು ಅನ್ನುವುದು ನನ್ನ ಪ್ರಶ್ನೆ.

ಇದು ಎಲ್ಲ ಕಡೆಗೂ ಹೊಂದುವುದಿಲ್ಲ. ಮಲೆನಾಡಿನಲ್ಲಿ ಮನೆಗಳು ದೂರ ದೂರ, ಮಳೆಗಾಲದಲ್ಲಿ ಡೈರಿಗೆ ಎರಡು ಮೈಲಿ ನಡೆಯಬೇಕು. ತೀರ್ಥಹಳ್ಳಿ ಕಡೆಯ ಗೆಳೆಯರೊಬ್ಬರು ಪ್ರಯತ್ನ ಮಾಡಿ ಅಡಿಕೆ ಸುಲಿಯುವ ಮನೆಗೆ ಬದಲಾಯಿಸಿಕೊಂಡರು, ಸೀಸನ್ನಿನಲ್ಲಿ ಚೆನ್ನಾಗಿ ನಡೆಯುತ್ತದಂತೆ, ಆಮೇಲಿನ ತಿಂಗಳಿಗೆ ಏನು ಅಂತ ಯೋಚನೆ ಮಾಡುತ್ತಿದ್ದಾರೆ. ರಾಯಚೂರು, ಯಾದಗಿರಿ ಕಡೆಯವರೂ ಕೇಳಿದ್ದಾರೆ. ಅಲ್ಲಿ ನಮ್ಮಷ್ಟು ಡೈರಿ ಇಲ್ಲ, ಗುಳೆ ಹೋಗುವುದು ಬೇರೆ ಜಾಸ್ತಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಹತ್ತಿಪ್ಪತ್ತು ಜನ ಕೆಲಸದ ಮೇಲೆ ಸೇರುವ ಜಾಗ, ಐದು ನಿಮಿಷದಲ್ಲಿ ಮುಗಿಯುವಂಥದ್ದು, ಕೈಗೆ ಚೂರು ದುಡ್ಡು ಬರುವಂಥದ್ದು ಆ ಕಡೆ ಯಾವುದಿದೆ? ಗೊತ್ತಿದ್ದವರು ತಿಳಿಸಿ. ನೋಡಬೇಕು ಅನ್ನುವವರು ಮಂಗಳವಾರ ಒಂದು ಬಿಟ್ಟು ಯಾವತ್ತಾದರೂ ಬನ್ನಿ, ಹಿಂದಿನ ರಾತ್ರಿಯೇ ಬಂದು ಉಳಿದುಕೊಳ್ಳಿ, ಏಳು ಗಂಟೆಗೆ ಬಂದರೆ ಡೈರಿ ಅರ್ಧ ಖಾಲಿಯಾಗಿರುತ್ತದೆ.